ಎರೆಹುಳುವಿನ ಹೊಟ್ಟೆಯಲ್ಲೊಂದು ಬೀಸುಕಲ್ಲು

ಎರೆಹುಳುವಿಗೆ ಬೆನ್ನು ಯಾವುದು, ಹೊಟ್ಟೆ ಯಾವುದು? ಮಕ್ಕಳೇ, ಮಳೆ ನಿಂತ ಮೇಲೆ ಅಂಗಳದಲ್ಲಿ ಕಾಣುವ ಹುಳುವನ್ನು ನೋಡಿ ಹೇಳಬಲ್ಲಿರಾ? ಗೊತ್ತಾಗದಿದ್ದರೆ, ಜೀವಶಾಸ್ತ್ರ ಓದಿದ ಅಜ್ಜನೋ ಅಜ್ಜಿಯೋ ಮನೆಯಲ್ಲಿದ್ದರೆ ಅವರನ್ನೇ ಕೇಳಿ. ನಾನು ಪಿಯುಸಿ ಓದುವಾಗ ಪ್ರಯೋಗಾಲಯದಲ್ಲಿ ಕಲಿತ ಮೊದಲ ಪಾಠವೇ ಇದು. ಬೆನ್ನು ಗುರುತಿಸಲು ಬಾರದವರಿಗೆ ನಮ್ಮ ಮೇಷ್ಟ್ರು ಕತ್ತರಿಯನ್ನೇ ಕೊಡುತ್ತಿರಲಿಲ್ಲ.

ಗುರುತು ಸುಲಭ. ಹುಳುವಿನ ಒಂದು ಬದಿಯ ಬಣ್ಣ ಗಾಢ. ಅದರ ನಡುವೆ ಉದ್ದಕ್ಕೂ ಒಂದು ಕಪ್ಪು ಗೆರೆ. ಅದೇ ಬೆನ್ನು. ಆ ಗೆರೆ ಚರ್ಮದ ಕೆಳಗಿರುವ ದೊಡ್ಡ ರಕ್ತನಾಳ.

ಸತ್ತ ಹುಳುವನ್ನು ಮೇಣ ತುಂಬಿದ ತಟ್ಟೆಯಲ್ಲಿ ಬೋರಲಾಗಿ ಮಲಗಿಸಿ, ಎರಡೂ ತುದಿಗೆ ಗುಂಡುಸೂಜಿ ಚುಚ್ಚುತ್ತಿದ್ದೆವು. ಮೇಲೆ ನೀರು. ಕಪ್ಪು ಗೆರೆಯ ಪಕ್ಕದಲ್ಲಿ, ಮೇಲುಮೇಲೆ ಕತ್ತರಿಸುತ್ತಾ ಹೋಗಬೇಕು. ಬೆನ್ನಿನ ಕಡೆಯಿಂದಲೇ ಏಕೆ? ನಮಗೆ ನರದ ಹುರಿ ಬೆನ್ನಿನಲ್ಲಿದೆ. ಎರೆಹುಳುವಿಗೆ ಅದು ಹೊಟ್ಟೆಯ ಕಡೆ. ಕೆಳಗಿನಿಂದ ಕೊಯ್ದರೆ ಹುರಿ ತುಂಡಾಗುತ್ತದೆ.

ನಾವು ಕೊಯ್ಯುತ್ತಿದ್ದುದು ಫೆರೆಟಿಮಾ ಎಂಬ ಜಾತಿಯನ್ನು. ಅದರ ಮೈಯಲ್ಲಿ 100ರಿಂದ 120 ಉಂಗುರಗಳು. ಬಾಯಿಯ ಕಡೆಯಿಂದ ಎಣಿಸಿದರೆ 8ನೆಯ ಉಂಗುರದಲ್ಲಿ ಗಟ್ಟಿಯಾದ ಸಣ್ಣ ಚೀಲವೊಂದು ಸಿಗುತ್ತಿತ್ತು. ಅದೇ ಬೀಸುಕಲ್ಲು! ಎರೆಹುಳುವಿಗೆ ಹಲ್ಲಿಲ್ಲ. ಮಣ್ಣು, ಕೊಳೆತ ಎಲೆ ಎಲ್ಲವನ್ನೂ ನುಂಗಿ ಇಲ್ಲಿ ನುಣ್ಣಗೆ ಅರೆಯುತ್ತದೆ. ಹೊರಗೆ ಬಿಡುವ ಹಿಕ್ಕೆಯೇ ಗಿಡಗಳಿಗೆ ಗೊಬ್ಬರ.

14ರಿಂದ 16ನೆಯ ಉಂಗುರಗಳ ಮೇಲೆ ಪಟ್ಟಿ ಕಟ್ಟಿದಂತೆ ಕಾಣುವ ಭಾಗ ಮೊಟ್ಟೆಗಳಿಗೆ ಗೂಡು ಕಟ್ಟುತ್ತದೆ. ಹೃದಯ ಒಂದಲ್ಲ, ನಾಲ್ಕು ಜೊತೆ! ರಕ್ತ ನಮ್ಮದರಂತೆ ಕೆಂಪು. ಶ್ವಾಸಕೋಶ ಮಾತ್ರ ಇಲ್ಲ, ಉಸಿರಾಟವೆಲ್ಲ ಚರ್ಮದಿಂದ. ಚರ್ಮ ಒಣಗಿದರೆ ಉಸಿರು ನಿಂತಂತೆಯೇ.

ಇಷ್ಟನ್ನೂ ನೋಡಿದ ನಮಗೆ ಒಂದು ಸಂಗತಿ ಮಾತ್ರ ಕಾಣುತ್ತಿರಲಿಲ್ಲ. ತಟ್ಟೆಯಲ್ಲಿದ್ದುದು ಸತ್ತ ಹುಳು. ಆ ನಾಲ್ಕು ಜೊತೆ ಹೃದಯಗಳಲ್ಲಿ ಒಂದೂ ಮಿಡಿಯುತ್ತಿರಲಿಲ್ಲ.

ಈಗ ಕಾಲ ಬದಲಾಗಿದೆ. ಕಾಲೇಜುಗಳಲ್ಲಿ ಪ್ರಾಣಿಗಳನ್ನು ಕೊಯ್ಯುವುದನ್ನು ಕೈಬಿಡುವಂತೆ ವಿಶ್ವವಿದ್ಯಾಲಯ ಅನುದಾನ ಆಯೋಗ 2011ರಲ್ಲಿ ಮಾರ್ಗಸೂಚಿ ಹೊರಡಿಸಿತು. ಕಂಪ್ಯೂಟರಿನ ಚಿತ್ರ, ಮಾದರಿಗಳು ಬಂದಿವೆ. 'ಕೊಯ್ಯದೆ ಕಲಿಯುವುದು ಹೇಗೆ?' ಎಂದು ನನ್ನ ವಯಸ್ಸಿನವರು ಕೇಳುವುದುಂಟು. ಅಂಗಗಳ ಜಾಗ ಚಿತ್ರದಿಂದ ತಿಳಿಯುತ್ತದೆ. ಅವು ಕೆಲಸ ಮಾಡುವ ಬಗೆಯನ್ನು ಬದುಕಿರುವ ಹುಳುವೇ ತೋರಿಸುತ್ತದೆ.

ಚಾರ್ಲ್ಸ್ ಡಾರ್ವಿನ್ ಅದನ್ನೇ ಮಾಡಿದರು. ಹುಳುಗಳನ್ನು ಮಣ್ಣಿನ ಕುಂಡಗಳಲ್ಲಿ ಸಾಕಿ, ಹತ್ತಿರ ಪಿಯಾನೊ ನುಡಿಸಿ ನೋಡಿದರು. ಹುಳುಗಳಿಗೆ ಕೇಳಿಸಲೇ ಇಲ್ಲ. ಕುಂಡವನ್ನು ಪಿಯಾನೊದ ಮೇಲೆಯೇ ಇಟ್ಟು ನುಡಿಸಿದಾಗ ಸರ್ರನೆ ಬಿಲದೊಳಗೆ ಹೋದವು. ಕಿವಿಯಿಲ್ಲದಿದ್ದರೂ ಅದುರುವುದು ಅವಕ್ಕೆ ತಿಳಿಯುತ್ತದೆ! ಇದನ್ನೆಲ್ಲ ಅವರು 1881ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು.

ನೀವೂ ನೋಡಬಹುದು. ಕೈ ಒದ್ದೆ ಮಾಡಿಕೊಂಡು ಹುಳುವನ್ನು ಮೆಲ್ಲಗೆ ಎತ್ತಿ, ಒದ್ದೆ ತಟ್ಟೆಯಲ್ಲಿ ಬಿಡಿ. ಅಜ್ಜನ ಭೂತಗನ್ನಡಿ ಹಿಡಿದು ಬೆನ್ನಿನ ಗೆರೆಯನ್ನು ನೋಡಿ. ತೆಳುಬಣ್ಣದ ಹುಳುವಾದರೆ ರಕ್ತ ಬಾಲದಿಂದ ತಲೆಯ ಕಡೆಗೆ ಅಲೆಅಲೆಯಾಗಿ ಸಾಗುವುದು ಕಂಡೀತು. ಆಮೇಲೆ ಒರಟು ಕಾಗದದ ಮೇಲೆ ಕ್ಷಣಹೊತ್ತು ಹರಿಯಲು ಬಿಟ್ಟು ಕಿವಿಗೊಡಿ. ಸಣ್ಣಗೆ ಚರಚರ ಸದ್ದು ಬರುತ್ತದೆ. ಉಂಗುರಗಳ ಸುತ್ತ ಇರುವ ಬಿರುಗೂದಲುಗಳು ಕಾಗದ ಕೆರೆಯುವ ಸದ್ದು ಅದು. ನೆಲವನ್ನು ಹಿಡಿದು ಮುಂದೆ ಸಾಗಲು ಅವೇ ಆಸರೆ.

ಇನ್ನೊಂದು ಮಾತು. ಎರೆಹುಳುವನ್ನು ಎರಡು ತುಂಡು ಮಾಡಿದರೆ ಎರಡು ಹುಳುಗಳಾಗುತ್ತವೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ತಲೆಯ ಕಡೆಯ ತುಂಡು ಕೆಲವೊಮ್ಮೆ ಬದುಕಿ ಬಾಲ ಬೆಳೆಸೀತು. ಬಾಲದ ತುಂಡು ಸ್ವಲ್ಪ ಹೊತ್ತು ಒದ್ದಾಡಿ ಸಾಯುತ್ತದೆ.

ನೋಡಿಯಾದ ಮೇಲೆ ಹುಳುವನ್ನು ನೆರಳಿನ ಒದ್ದೆ ಮಣ್ಣಿಗೆ ಬಿಟ್ಟುಬಿಡಿ. ಎರಡೇ ನಿಮಿಷದಲ್ಲಿ ತಲೆ ತೂರಿಸಿ ಒಳಗೆ ಹೋಗುತ್ತದೆ. ಅದಕ್ಕೆ ಅಲ್ಲಿ ಬೀಸುವ ಕೆಲಸ ಬಾಕಿ ಇದೆ.