ಹೊಲದ ಬದುವಿನ ಕಲ್ಲೂ ಹಳ್ಳೂರಿನ ದಿಬ್ಬವೂ

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಸಂಚರಿಸುವವರಿಗೆ ಇತಿಹಾಸವನ್ನು ಹುಡುಕಿಕೊಂಡು ಹೋಗುವ ಅಗತ್ಯವಿಲ್ಲ, ಅದೇ ಎದುರಾಗುತ್ತದೆ. ಕೆರೆಯ ಏರಿಯ ಮೇಲೆ ವೀರಗಲ್ಲು, ಹೊಲದ ಬದುವಿನಲ್ಲಿ ಮಾಸ್ತಿಕಲ್ಲು, ಹಳೆಯ ಗುಡಿಯ ಮುಂದೆ ಅರ್ಧ ಹೂತುಹೋದ ಶಾಸನ. ನಿತ್ಯವೂ ನೋಡಿ ರೂಢಿಯಾದ ಕಣ್ಣಿಗೆ ಇವು ಬರಿಯ ಕಲ್ಲುಗಳು. ಒಂದರ ಮೇಲೆ ಬಟ್ಟೆ ಒಗೆಯುತ್ತೇವೆ, ಇನ್ನೊಂದಕ್ಕೆ ದನ ಕಟ್ಟುತ್ತೇವೆ, ಮತ್ತೊಂದನ್ನು ಮೆಟ್ಟಿಲಿಗೆ ಹಾಸುತ್ತೇವೆ. ಹೀಗೆ ಕಳೆದುಹೋಗುವುದು ಏನೆಂಬುದನ್ನು ಈ ವಾರ ಓದುಗರೊಡನೆ ಕುಳಿತು ಯೋಚಿಸಬೇಕೆನಿಸಿದೆ.

ತುಂಗಭದ್ರೆಯ ಎಡದಂಡೆಯಲ್ಲಿ ಹಳ್ಳೂರೆಂಬ ಗ್ರಾಮವಿದೆ. ಅದು ಆಗ ಧಾರವಾಡ ಜಿಲ್ಲೆಯ ಹಿರೇಕೆರೂರು ತಾಲ್ಲೂಕಿಗೆ ಸೇರಿತ್ತು. 1997ರಲ್ಲಿ ಈ ತಾಲ್ಲೂಕುಗಳೆಲ್ಲ ಹೊಸ ಹಾವೇರಿ ಜಿಲ್ಲೆಗೆ ಬಂದವು. 1962ರಲ್ಲಿ ವಿದ್ವಾಂಸರಾದ ಡಾ. ಎಂ. ಎಸ್. ನಾಗರಾಜ ರಾವ್ ಅವರು ಅಲ್ಲಿನ ದಿಬ್ಬವನ್ನು ಗುರುತಿಸಿ, 1965ರಲ್ಲಿ ಉತ್ಖನನ ನಡೆಸಿದರು. ಅಗೆದಂತೆ ಒಂದರ ಕೆಳಗೊಂದು ಸ್ತರಗಳು ತೆರೆದುಕೊಂಡವು. ಕೆಳಗೆ ನವಶಿಲಾಯುಗದ ಜನರ ದುಂಡು ಮನೆಗಳ ನೆಲ, ಒಲೆ, ಕಲ್ಲಿನ ಕೊಡಲಿ. ಕೂಸುಗಳನ್ನು ಮಡಕೆಯಲ್ಲಿಟ್ಟು ಹೂಳಿದ ಸಮಾಧಿಗಳೂ ದೊರೆತವು. ಅದರ ಮೇಲಿನ ಸ್ತರದಲ್ಲಿ ಕಪ್ಪು–ಕೆಂಪು ಮಡಕೆಗಳೊಡನೆ ಕಬ್ಬಿಣದ ಬಾಣದ ಮೊನೆಗಳು. ಇಂಗಾಲ ವಿಧಾನದಿಂದ ಪರೀಕ್ಷಿಸಿದಾಗ ಆ ಕಬ್ಬಿಣದ ಕಾಲ ಕ್ರಿ.ಪೂ. 1000ದ ಆಸುಪಾಸಿನದೆಂದು ತಿಳಿದುಬಂತು. ದಕ್ಷಿಣ ಭಾರತದಲ್ಲಿ ಕಬ್ಬಿಣ ಅಷ್ಟು ಹಳೆಯದೆಂಬ ಸಂಗತಿ ಅಂದಿನ ವಿದ್ವತ್ ಲೋಕವನ್ನು ಬೆರಗುಗೊಳಿಸಿತು. ನಾಗರಾಜ ರಾವ್ ಅವರ ಸಮಗ್ರ ವರದಿ 1971ರಲ್ಲಿ ಪ್ರಕಟವಾಯಿತು. ಮುಂದೆ ಅವರು ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಮಹಾನಿರ್ದೇಶಕರೂ ಆದರು.

ಆದರೆ ದಿಬ್ಬದ ಕಥೆ ಒಬ್ಬರಿಂದ ಬಯಲಾಗುವುದಲ್ಲ. ಗುದ್ದಲಿ ಹಿಡಿದು ಅಂಗುಲ ಅಂಗುಲವಾಗಿ ಮಣ್ಣು ಬಿಡಿಸುವವರು, ಜರಡಿ ಹಿಡಿಯುವವರು, ಬುಟ್ಟಿ ಹೊರುವವರು ಸುತ್ತಲಿನ ಹಳ್ಳಿಗಳ ಕೂಲಿಗಾರರೇ. ಹೊಲದ ಮಣ್ಣನ್ನು ಬಲ್ಲ ಅವರ ಕೈಗೆ ಮಣ್ಣಿನ ಬಣ್ಣ ಬದಲಾದದ್ದು ಬೇಗ ತಿಳಿಯುತ್ತದೆ. ಹಳ್ಳೂರಿನಲ್ಲಿ ಸಿಕ್ಕ ಮೂಳೆಗಳನ್ನು ಪರೀಕ್ಷಿಸಿದವರೂ ಪುರಾತತ್ವ ಇಲಾಖೆಯವರಲ್ಲ, ಪಶುವೈದ್ಯರಾಗಿದ್ದ ಡಾ. ಕೆ. ಆರ್. ಆಲೂರ ಅವರು. ದನ, ಕುರಿ, ಆಡುಗಳ ಮೂಳೆಗಳ ನಡುವೆ ಕುದುರೆಯ ಮೂಳೆಗಳನ್ನೂ ಅವರು ಗುರುತಿಸಿದರು. ಆ ಮಾತು ದೇಶದ ಇತಿಹಾಸಕಾರರಲ್ಲಿ ದೊಡ್ಡ ವಾಗ್ವಾದವನ್ನೇ ಎಬ್ಬಿಸಿತು. ಕುದುರೆ ಈ ನೆಲಕ್ಕೆ ಯಾವಾಗ, ಯಾರೊಡನೆ ಬಂತೆಂಬ ಆ ಚರ್ಚೆ ಇಂದಿಗೂ ಮುಗಿದಿಲ್ಲ. ಮುಂದೆ ಬಂದ ಸಸ್ಯವಿಜ್ಞಾನಿಗಳು ಇದೇ ದಿಬ್ಬದ ಮಣ್ಣನ್ನು ನೀರಿನಲ್ಲಿ ತೇಲಿಸಿ, ಕರಿದ ಕಾಳುಗಳನ್ನು ಸೋಸಿ ತೆಗೆದು, ಹುರುಳಿ, ಹೆಸರು ಮತ್ತು ಕಿರುಧಾನ್ಯಗಳನ್ನು ಕಂಡುಕೊಂಡರು. ಮೂರು ಸಾವಿರ ವರ್ಷಗಳ ಹಿಂದೆ ಇಲ್ಲಿ ಉಂಡ ಊಟ ಇಂದು ನಾವು ಉಣ್ಣುವ ಊಟದಿಂದ ಬಹಳ ದೂರವಿಲ್ಲ.

ಇಷ್ಟು ಕೇಳಿದ ಮೇಲೆ ನಮ್ಮವರಲ್ಲಿ ಕೆಲವರು ಹೀಗೆ ಕೇಳಿಯಾರು: ಈ ಸೀಮೆಯಲ್ಲಿ ನಾವು ಕಥೋಲಿಕರು ಕೆಲವೇ ಮಂದಿ, ಗುಡಿ, ಬಸದಿ, ಕೋಟೆಗಳ ಕಥೆ ನಮಗೇಕೆ? ಉತ್ತರಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಸ್ಪೇನ್ ದೇಶದಿಂದ 1922ರಲ್ಲಿ ಮುಂಬಯಿಗೆ ಬಂದ ಯೇಸುಸಭೆಯ ವಂದನೀಯ ಹೆನ್ರಿ ಹೆರಾಸ್ ಅವರು ಸಂತ ಝೇವಿಯರರ ಕಾಲೇಜಿನಲ್ಲಿ 1926ರಲ್ಲಿ ಭಾರತೀಯ ಇತಿಹಾಸ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿದರು. ವಿಜಯನಗರದ ಅರವೀಡು ಮನೆತನದ ಇತಿಹಾಸವನ್ನು ಬರೆದರು. 1929ರಲ್ಲಿ ಗೋವೆಯ ಚಂದೋರಿನಲ್ಲಿ, ಕದಂಬರ ಹಳೆಯ ರಾಜಧಾನಿಯ ನೆಲದಲ್ಲಿ ಉತ್ಖನನ ನಡೆಸಿ ಶಿವಾಲಯದ ಅವಶೇಷಗಳನ್ನು ಹೊರತೆಗೆದರು. ಗುರುವಾದ ತಮಗೆ ಶಿವಾಲಯದ ತಳಹದಿಯಿಂದೇನು ಎಂದು ಅವರು ಕೇಳಲಿಲ್ಲ. ಅವರ ಶಿಷ್ಯರಾದ ಜಾರ್ಜ್ ಎಂ. ಮೊರಾಯಿಸ್ ಅವರು 1931ರಲ್ಲಿ ಹೊರತಂದ ‘ಕದಂಬ ಕುಲ’ವೆಂಬ ಇಂಗ್ಲಿಷ್ ಗ್ರಂಥ ಬನವಾಸಿ, ಗೋವೆಯ ಕದಂಬರೊಡನೆ ಹಾನಗಲ್ಲಿನ ಕದಂಬರ ಕಥೆಯನ್ನೂ ಶಾಸನಗಳ ಆಧಾರದಿಂದ ಕಟ್ಟಿಕೊಟ್ಟಿತು. ಶಾಸನಗಳ ಪಾನುಂಗಲ್ಲು ಇಂದಿನ ನಮ್ಮ ಹಾನಗಲ್ಲೇ. ತಾರಕೇಶ್ವರ ಗುಡಿಯ ಮುಂದೆ ಹಾಯ್ದುಹೋಗುವ ನಮ್ಮ ಮಕ್ಕಳಿಗೆ ಈ ಹೆಸರುಗಳನ್ನು ಹೇಳಿಕೊಟ್ಟವರು ಎಷ್ಟು ಮಂದಿ? 1955ರಲ್ಲಿ ದೈವಾಧೀನರಾದ ಹೆರಾಸ್ ಅವರ ನೆನಪಿಗೆ ಭಾರತ ಸರ್ಕಾರ 1981ರಲ್ಲಿ ಅಂಚೆಚೀಟಿ ಹೊರಡಿಸಿತು.

ನಮ್ಮ ಧರ್ಮಸಭೆಯ ಸ್ಮರಣೆಯೂ ಹೀಗೆಯೇ ಮಣ್ಣಿನೊಳಗಿಂದ ಎದ್ದುಬಂದದ್ದುಂಟು. 1849ರಲ್ಲಿ ರೋಮಿನ ಹೊರವಲಯದ ದ್ರಾಕ್ಷಿತೋಟವೊಂದರಲ್ಲಿ ಜೊವಾನ್ನಿ ಬತ್ತಿಸ್ತಾ ದೆ ರೊಸ್ಸಿ ಎಂಬ ತರುಣ ವಿದ್ವಾಂಸರಿಗೆ ಅಮೃತಶಿಲೆಯ ಒಂದು ತುಂಡು ಕಾಣಿಸಿತು. ಅದರ ಮೇಲಿದ್ದುದು ಅರ್ಧ ಹೆಸರು ಮಾತ್ರ. ಅದು ವೇದಸಾಕ್ಷಿ ಪೋಪ್ ಕೊರ್ನೇಲಿಯಸರ ಹೆಸರಾಗಿರಬೇಕೆಂದು ಅವರು ಊಹಿಸಿದರು. ಮುಂದೆ ನೆಲದಡಿಯ ಸಮಾಧಿಗೂಡಿನಲ್ಲಿ ಉಳಿದ ತುಂಡೂ ಸಿಕ್ಕಿ ಊಹೆ ನಿಜವಾಯಿತು. ಹಿರಿಯರ ಗೋರಿಗಳ ದಾರಿ ತೋರಿಸಿದ್ದು ತೋಟದಲ್ಲಿ ಬಿದ್ದಿದ್ದ ಒಡಕು ಕಲ್ಲು. ಅದನ್ನು ಯಾರಾದರೂ ಗೋಡೆಗೆ ಸೇರಿಸಿಬಿಟ್ಟಿದ್ದರೆ?

ಹಳ್ಳೂರಿನಲ್ಲಿ ಗುದ್ದಲಿ ಬಿದ್ದ 1965ರಲ್ಲಿಯೇ, ಡಿಸೆಂಬರ್ 7ರಂದು, ದ್ವಿತೀಯ ವ್ಯಾಟಿಕನ್ ಮಹಾಸಭೆ ಆಧುನಿಕ ಜಗತ್ತಿನಲ್ಲಿ ಧರ್ಮಸಭೆಯ ಸ್ಥಾನವನ್ನು ಕುರಿತ ಸಂವಿಧಾನವನ್ನು ಪ್ರಕಟಿಸಿತು. ಪ್ರಾಮಾಣಿಕವಾಗಿ, ಕ್ರಮಬದ್ಧವಾಗಿ ನಡೆದ ಸಂಶೋಧನೆ ವಿಶ್ವಾಸಕ್ಕೆ ವಿರೋಧವಾಗದೆಂಬುದು ಅದರ ಬೋಧನೆ. ಪೋಪ್ ಫ್ರಾನ್ಸಿಸರು 2015ರ ‘ಲೌದಾತೋ ಸೀ’ ಪರಿಪತ್ರದಲ್ಲಿ ಪ್ರಕೃತಿಯೊಡನೆ ಜನರ ಇತಿಹಾಸ, ಕಲೆ, ಸಂಸ್ಕೃತಿಗಳ ಸೊತ್ತನ್ನೂ ಕಾಪಾಡಬೇಕೆಂದರು. ಹಳ್ಳೂರಿನ ಮೂಳೆ ಯಾರ ಪಕ್ಷವನ್ನೂ ವಹಿಸುವುದಿಲ್ಲ. ನಮಗೆ ಬೇಕಾದುದನ್ನು ಅದರ ಬಾಯಿಯಿಂದ ಹೇಳಿಸುವುದೂ ಸಲ್ಲ, ಅದು ಹೇಳುವುದಕ್ಕೆ ಅಂಜುವುದೂ ಸಲ್ಲ.

ಅಪಾಯಗಳು ಕಣ್ಣೆದುರಿಗೇ ಇವೆ. ನಿಧಿಯಾಸೆಗೆ ರಾತ್ರೋರಾತ್ರಿ ಗುಡಿಯ ನೆಲ ಅಗೆಯುವವರಿದ್ದಾರೆ. ಹಳೆಯ ಊರದಿಬ್ಬದ ಬೂದಿಮಣ್ಣು ಗೊಬ್ಬರಕ್ಕೆ ಒಳ್ಳೆಯದೆಂದು ಗಾಡಿಯಲ್ಲಿ ಹೇರಿಕೊಂಡು ಹೋಗುವುದುಂಟು. ಈಗಂತೂ ಯಂತ್ರಗಳು ಬಂದು, ನೂರು ತಲೆಮಾರುಗಳ ಸ್ತರಗಳನ್ನು ಅರ್ಧ ದಿನದಲ್ಲಿ ಸಮತಟ್ಟು ಮಾಡಬಲ್ಲವು. ಸುಟ್ಟ ಪುಸ್ತಕವನ್ನು ಮತ್ತೆ ಮುದ್ರಿಸಬಹುದು. ಕಲಕಿದ ಸ್ತರವನ್ನು ಮತ್ತೆ ಜೋಡಿಸಲಾಗದು.

ನಾವೇನು ಮಾಡಬಹುದು? ನಾವೇ ಅಗೆಯಬಾರದು, ಇದು ಮೊದಲ ಮಾತು. ಅನುಮತಿಯಿಲ್ಲದ ಅಗೆತ ಎಷ್ಟೇ ಒಳ್ಳೆಯ ಮನಸ್ಸಿನದಾದರೂ ಹಾನಿಯೇ. ಬಾವಿ, ಬುನಾದಿ ತೋಡುವಾಗ ಹಳೆಯ ಮಡಕೆ, ನಾಣ್ಯ, ವಿಗ್ರಹ ಸಿಕ್ಕರೆ ಕೆಲಸ ನಿಲ್ಲಿಸಿ ತಹಶೀಲ್ದಾರರಿಗೆ ತಿಳಿಸೋಣ. ಧಾರವಾಡದಲ್ಲಿ ಪುರಾತತ್ವ ಸರ್ವೇಕ್ಷಣೆಯ ಕಚೇರಿಯಿದೆ, ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನಾ ಸಂಸ್ಥೆಯಿದೆ. ಧರ್ಮಕೇಂದ್ರದ ಯುವಜನರು ಒಂದು ಭಾನುವಾರ ಪೂಜೆಯ ನಂತರ ಊರ ಹಿರಿಯರೊಡನೆ ಸುತ್ತಾಡಿ, ಎಲ್ಲೆಲ್ಲಿ ಯಾವ ಕಲ್ಲಿದೆಯೆಂದು ಪಟ್ಟಿ ಮಾಡಿ, ಚಿತ್ರ ತೆಗೆದಿಡಲಿ. ಕಲ್ಲನ್ನು ಸುಣ್ಣ ಬಳಿದು, ಉಜ್ಜಿ ತೊಳೆದು ಕೆಡಿಸದಿರಲಿ. ಆ ಪಟ್ಟಿಯ ಒಂದು ಪ್ರತಿ ಪಂಚಾಯತಿಗೂ ಹೋಗಲಿ. ಲಿಂಗಾಯತರು, ಜೈನರು, ಮುಸಲ್ಮಾನರು, ಕ್ರೈಸ್ತರು ಒಟ್ಟಾಗಿ ಒಂದು ವೀರಗಲ್ಲಿನ ಮುಂದೆ ನಿಂತು ಅದನ್ನು ಓದಲು ಯತ್ನಿಸುವ ದಿನ ಊರಿಗೆ ಒಳ್ಳೆಯ ದಿನವೇ.

ಹಳ್ಳೂರಿನ ಮಡಕೆಯಲ್ಲಿ ಮಲಗಿದ್ದ ಕೂಸುಗಳ ಹೆಸರು ನಮಗೆ ತಿಳಿಯದು. ತಾಯಂದಿರು ಅವುಗಳನ್ನು ಜತನದಿಂದ ಮಣ್ಣಿಗೊಪ್ಪಿಸಿದ್ದರೆಂಬುದು ಮಾತ್ರ ತಿಳಿಯುತ್ತದೆ. ಸತ್ತವರಿಗಾಗಿ ಪ್ರಾರ್ಥಿಸುವ ನಾವು ಆ ಜತನವನ್ನು ಅರಿಯಬಲ್ಲೆವು. ಮುಂದಿನ ಬಾರಿ ಹೊಲದ ಬದುವಿನಲ್ಲಿ ಕೆತ್ತನೆಯ ಕಲ್ಲು ಕಂಡಾಗ ಅರೆಗಳಿಗೆ ನಿಂತು ನೋಡೋಣ. ಮನೆಯ ಮಕ್ಕಳಿಗೂ ತೋರಿಸೋಣ.