ಲಾರಿಗಳ ಡೀಸೆಲ್ ಕಳವು: ಬೀಗಕ್ಕಿಂತ ಮೊದಲು ಲೆಕ್ಕ

ಸರಕು ಸಾಗಣೆ ಉದ್ಯಮದ ದೈನಂದಿನ ವೆಚ್ಚಗಳಲ್ಲಿ ಡೀಸೆಲ್‌ನದೇ ಸಿಂಹಪಾಲು. ಟೈರು, ವಿಮೆ, ರಸ್ತೆ ಸುಂಕಗಳಂತೆ ಡೀಸೆಲ್‌ಗೂ ಬಿಲ್ಲು ಇರುತ್ತದೆ. ಆದರೆ ಬಿಲ್ಲಿನಲ್ಲಿ ನಮೂದಾದಷ್ಟು ಡೀಸೆಲ್ ಎಂಜಿನ್ ತಲುಪಿತೇ ಎಂಬುದಕ್ಕೆ ಆಧಾರ ಅನೇಕ ಸಂಸ್ಥೆಗಳಲ್ಲಿ ದೊರೆಯುವುದಿಲ್ಲ.

ನಷ್ಟದ ಪ್ರಮಾಣವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ತಿಂಗಳಿಗೆ 8,000 ಕಿ.ಮೀ. ಓಡುವ ಲಾರಿಯೊಂದು ಲೀಟರಿಗೆ 4 ಕಿ.ಮೀ. ಕೊಡುತ್ತದೆ ಎಂದಿಟ್ಟುಕೊಂಡರೆ 2,000 ಲೀಟರ್ ಡೀಸೆಲ್ ಬೇಕು. ಇದರಲ್ಲಿ ಶೇ. 5ರಷ್ಟು ಕಾಣೆಯಾದರೆ 100 ಲೀಟರ್. ಲೀಟರಿಗೆ 90 ರೂ. ಹಿಡಿದರೂ 9,000 ರೂ. ಹತ್ತು ಲಾರಿಗಳ ಮಾಲೀಕರಿಗೆ ವರ್ಷಕ್ಕೆ 10.80 ಲಕ್ಷ ರೂ. ನಷ್ಟ. 2017ರಲ್ಲಿ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯ ಹೊರಗೇ ಡೀಸೆಲ್ ಉಳಿದಿರುವುದರಿಂದ ಅದರ ಮೇಲಿನ ತೆರಿಗೆಗೆ ಹೂಡುವಳಿ ತೆರಿಗೆ ಜಮಾ ಸಿಗದು. ಕಳೆದುಹೋದ ಪ್ರತಿ ಲೀಟರೂ ತೆರಿಗೆ ಸಮೇತ ಕಳೆದಂತೆಯೇ.

ಕಳವಿನ ದಾರಿಗಳು

ಇವು ಮುಖ್ಯವಾಗಿ ಮೂರು. ಮೊದಲನೆಯದು, ಬಂಕಿನಲ್ಲಿ ಕಡಿಮೆ ತುಂಬಿಸಿ ಹೆಚ್ಚಿನ ಬಿಲ್ಲು ಪಡೆಯುವುದು. ಎರಡನೆಯದು, ಲಾರಿ ನಿಂತಾಗ ಟ್ಯಾಂಕಿಗೆ ರಬ್ಬರ್ ಕೊಳವೆ ಇಳಿಸಿ ಅಥವಾ ತಳದ ಬೋಲ್ಟ್ ಸಡಿಲಿಸಿ ತೆಗೆಯುವುದು; ಚಾಲಕರು ನಿದ್ರಿಸುವಾಗ ಹೊರಗಿನವರೂ ಈ ಕೆಲಸ ಮಾಡುವುದುಂಟು. ಮೂರನೆಯದು, ಓಡದ ಕಿಲೋಮೀಟರುಗಳನ್ನು ಓಡಿದಂತೆ ಬರೆಯುವುದು.

ಅಳೆಯುವ ಕ್ರಮ

ತುಂಬಿದ ಟ್ಯಾಂಕಿನಿಂದ ತುಂಬಿದ ಟ್ಯಾಂಕಿಗೆ ಲೆಕ್ಕ ಹಾಕುವುದು ಸರಳವೂ ವಿಶ್ವಸನೀಯವೂ ಆದ ವಿಧಾನ. ಹೊರಡುವಾಗ ಟ್ಯಾಂಕ್ ಪೂರ್ತಿ ತುಂಬಿಸಿ ಓಡೋಮೀಟರ್ ಅಂಕಿ ಬರೆಯಬೇಕು. ಮರಳಿದ ಮೇಲೆ ಅದೇ ಬಂಕಿನಲ್ಲಿ, ಅದೇ ಸಮತಟ್ಟು ನೆಲದಲ್ಲಿ ಮತ್ತೆ ತುಂಬಿಸಬೇಕು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗಿ ಬರಲು ಸುಮಾರು 820 ಕಿ.ಮೀ. ಲೀಟರಿಗೆ 4 ಕಿ.ಮೀ.ಯಂತೆ 205 ಲೀಟರ್ ಹಿಡಿಯಬೇಕಾದ ಕಡೆ, ದಾರಿಯಲ್ಲಿ ಹಾಕಿಸಿದ್ದೂ ಸೇರಿ 216 ಲೀಟರ್ ಆದರೆ, 11 ಲೀಟರಿಗೆ ವಿವರಣೆ ಬೇಕು.

ಈ ವಿವರಣೆ ಯಾವಾಗಲೂ ಕಳವೇ ಆಗಿರಬೇಕೆಂದಿಲ್ಲ. ಗಾಳಿ ಕಡಿಮೆಯಾದ ಟೈರು, ಕಟ್ಟಿಕೊಂಡ ಏರ್ ಫಿಲ್ಟರ್, ಕೆಟ್ಟ ಇಂಜೆಕ್ಟರ್, ಹಿಡಿದುಕೊಂಡ ಬ್ರೇಕ್, ಗಂಟೆಗಟ್ಟಲೆ ನಿಂತ ವಾಹನ ದಟ್ಟಣೆ ಇವೆಲ್ಲವೂ ಡೀಸೆಲ್ ತಿನ್ನುತ್ತವೆ. ಆದ್ದರಿಂದ ಪ್ರತಿ ಲಾರಿಗೂ, ಪ್ರತಿ ಮಾರ್ಗಕ್ಕೂ, ಭರ್ತಿ ಮತ್ತು ಖಾಲಿ ಓಟಗಳಿಗೂ ಪ್ರತ್ಯೇಕ ಮಾನದಂಡ ಅಗತ್ಯ. ಜವಾಬ್ದಾರಿಯುತ ಸಿಬ್ಬಂದಿಯೊಬ್ಬರು ಎರಡು ಮೂರು ಬಾರಿ ಜೊತೆಯಲ್ಲಿ ಪ್ರಯಾಣಿಸಿ ಅದನ್ನು ನಿಗದಿಪಡಿಸುವುದು ಲೇಸು. ಸತತ ಮೂರು ಓಟಗಳಲ್ಲಿ ವ್ಯತ್ಯಾಸ ಕಂಡರೆ ಲಾರಿ ಮೊದಲು ವರ್ಕ್‌ಶಾಪಿಗೆ ಹೋಗಲಿ, ವಿಚಾರಣೆ ಅನಂತರ ನಡೆಯಲಿ.

ಓಟದ ಕಿಲೋಮೀಟರುಗಳನ್ನು ಫಾಸ್ಟ್ಯಾಗ್ ವಿವರಪಟ್ಟಿಯೊಂದಿಗೆ ತಾಳೆ ನೋಡಬಹುದು. ಯಾವ ಟೋಲ್ ಕೇಂದ್ರವನ್ನು ಎಷ್ಟು ಗಂಟೆಗೆ ದಾಟಿತೆಂಬುದು ಅದರಲ್ಲಿರುತ್ತದೆ. ಬಂಕಿನ ಅಳತೆಯ ಬಗ್ಗೆ ಸಂಶಯವಿದ್ದರೆ 5 ಲೀಟರಿನ ಮುದ್ರೆಯುಳ್ಳ ಅಳತೆಪಾತ್ರೆಯಲ್ಲಿ ಪರೀಕ್ಷಿಸುವಂತೆ ಕೇಳುವ ಹಕ್ಕು ಗ್ರಾಹಕರಿಗಿದೆ.

ಬೀಗ ಮತ್ತು ಉಪಕರಣ

ಬೀಗವುಳ್ಳ ಮುಚ್ಚಳ, ಟ್ಯಾಂಕಿನ ಬಾಯಿಗೆ ಕೊಳವೆ ಇಳಿಯದಂತೆ ತಡೆಯುವ ಜಾಲರಿ, ತಳದ ಬೋಲ್ಟಿಗೆ ಸೀಲು ಇವು ಅಲ್ಪ ವೆಚ್ಚದ ರಕ್ಷಣೆಗಳು. ಮಟ್ಟ ಸೂಚಿಸುವ ಸೆನ್ಸಾರನ್ನು ಜಿ.ಪಿ.ಎಸ್.ಗೆ ಜೋಡಿಸಿದರೆ ನಿಂತ ಲಾರಿಯಲ್ಲಿ ಮಟ್ಟ ಎಲ್ಲಿ, ಯಾವಾಗ ಹಠಾತ್ತನೆ ಕುಸಿಯಿತೆಂಬುದು ತಿಳಿಯುತ್ತದೆ. ಆದರೆ ಆ ಅಂಕಿಗಳನ್ನು ಬಿಲ್ಲುಗಳೊಂದಿಗೆ ಹೋಲಿಸಿ ನೋಡುವವರಿಲ್ಲದಿದ್ದರೆ ಉಪಕರಣಕ್ಕೆ ಹಾಕಿದ ಹಣವೂ ವ್ಯರ್ಥ.

ಚಾಲಕರ ಪಾಲು

ಕೆಲವೆಡೆ ಎಲ್ಲ ಲಾರಿಗಳಿಗೂ ಒಂದೇ 'ಆವರೇಜ್' ಗೊತ್ತುಮಾಡಿ, ಹೆಚ್ಚು ಹಿಡಿದ ಡೀಸೆಲ್‌ನ ಹಣವನ್ನು ಸಂಬಳದಲ್ಲಿ ಮುರಿದುಕೊಳ್ಳುವ ರೂಢಿಯಿದೆ. ಹಳೆಯ ಎಂಜಿನ್ನಿನ ದೋಷಕ್ಕೆ ಪ್ರಾಮಾಣಿಕ ಚಾಲಕರು ದಂಡ ತೆರುವಂತಾಗುತ್ತದೆ. ಆ ಹಣ ತುಂಬಿಕೊಳ್ಳಲು ಕಳವಿಗೆ ಇಳಿಯುವ ಪ್ರಸಂಗವೂ ಬರುತ್ತದೆ. ನಷ್ಟದ ಕಡಿತಕ್ಕೆ ಮುನ್ನ ನೌಕರರಿಗೆ ಕಾರಣ ಹೇಳಲು ಅವಕಾಶ ಕೊಡಬೇಕೆಂಬ ನಿಯಮ 1936ರ ವೇತನ ಪಾವತಿ ಕಾಯ್ದೆಯಲ್ಲಿತ್ತು. 2019ರ ವೇತನ ಸಂಹಿತೆಯಲ್ಲೂ ಇದೆ. ಸಾಕಾಗುವ ಭತ್ಯೆ ಹಾಗೂ ಉಳಿತಾಯದಲ್ಲಿ ಒಂದು ಪಾಲು ನೀಡುವುದು ಹೆಚ್ಚು ಫಲಕಾರಿ. ಆದರೆ ಈ ಪಾಲಿಗೊಂದು ಮಿತಿ ಇರಬೇಕು. ಇಲ್ಲವಾದರೆ ಡೀಸೆಲ್ ಉಳಿಸಲು ಘಾಟಿಯ ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿ ಓಡಿಸುವ ಅಪಾಯ ಎದುರಾಗುತ್ತದೆ.

ಕಾನೂನು ಮತ್ತು ತೆರಿಗೆ

ನೌಕರರು ಮಾಲೀಕರ ಸ್ವತ್ತನ್ನು ಕದಿಯುವುದು ಭಾರತೀಯ ನ್ಯಾಯ ಸಂಹಿತೆಯ 306ನೇ ಕಲಮಿನನ್ವಯ ಏಳು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ವ್ಯವಹಾರದ ಸಹಜ ಅಂಗವಾಗಿ ಉಂಟಾದ ಇಂತಹ ನಷ್ಟವನ್ನು ಲಾಭದಲ್ಲಿ ಕಳೆಯಬಹುದೆಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯ 1958ರಲ್ಲಿ ಬದ್ರಿದಾಸ್ ಡಾಗಾ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಎರಡಕ್ಕೂ ಬೇಕಾದುದು ದಾಖಲೆ. ಪ್ರತಿ ಓಟದ ಟ್ರಿಪ್ ಶೀಟಿನಲ್ಲಿ ಓಡೋಮೀಟರ್ ಅಂಕಿ, ತುಂಬಿಸಿದ ಲೀಟರು ಮತ್ತು ಬಿಲ್ಲಿನ ಸಂಖ್ಯೆಗಳಿದ್ದು, ಚಾಲಕರೂ ಗುಮಾಸ್ತರೂ ಒಟ್ಟಿಗೆ ಸಹಿ ಮಾಡಿರಬೇಕು. ಕಳವು ನಡೆದಿದ್ದರೆ ಅದು ಮಾಲೀಕರಿಗೆ ಸಾಕ್ಷ್ಯವಾಗುತ್ತದೆ. ನಡೆಯದಿದ್ದರೆ ಚಾಲಕರನ್ನು ಅಪವಾದದಿಂದ ಕಾಯುತ್ತದೆ.