ಬಾಯಿಗಿಟ್ಟು ನೋಡುವ ಗಿರಾಕಿ

ಚನ್ನಪಟ್ಟಣದ ಹಳೆ ಮೈಸೂರು ರಸ್ತೆ. ಅಂಗಡಿಯ ಮುಂದೆ ಮರದ ಕುದುರೆಗಳು ಬಿಸಿಲಿಗೆ ಹೊಳೆಯುತ್ತ ಸಾಲಾಗಿ ನಿಂತಿವೆ. ಅಮ್ಮನ ಸೊಂಟದ ಮೇಲಿದ್ದ ಪುಟ್ಟಿಯ ಕೈ ಆಗಲೇ ಅತ್ತ ಚಾಚಿದೆ.

“ಮಗೂಗೆ ಎಷ್ಟು ತಿಂಗಳು ಅಕ್ಕಾ?” ಅಂಗಡಿಯವರು ಕೇಳುತ್ತಾರೆ.

“ಹದಿನೆಂಟು ತುಂಬ್ತು.”

“ಹಂಗಾದ್ರೆ ಕುದುರೆ ಈಗ್ಲೇ ಬೇಡ, ಕಾಲು ನೆಲಕ್ಕೆ ಎಟಕಲ್ಲ. ಇದು ಕೊಟ್ಟು ನೋಡಿ.”

ಕಡ್ಡಿಗೆ ಪೋಣಿಸಿದ ಐದು ಬಳೆಗಳ ಗೋಪುರ. ಕೆಳಗೆ ದೊಡ್ಡದು, ಮೇಲೆ ಚಿಕ್ಕದು. ಪುಟ್ಟಿ ಹಳದಿ ಬಳೆಯನ್ನು ಕಿತ್ತು ಬಾಯಿಗಿಟ್ಟುಕೊಂಡಳು. ಅಮ್ಮ ಕಸಿದುಕೊಳ್ಳಲು ಹೋದರೆ ಅಜ್ಜಿ ತಡೆದರು: “ಈ ವಯಸ್ಸಲ್ಲಿ ಬಾಯಿಗೆ ಹಾಕ್ಕೊಳ್ಳದೆ ಇನ್ನೇನು ಮಾಡ್ತಾಳೆ? ಬಿಡೇ.”

ಅಜ್ಜಿಯ ಮಾತು ಸರಿ. ಆಟಿಕೆಯನ್ನು ಆರಿಸುವವರು ನಾವು, ಚೀಪುವುದು ಮಗು. ಅದಕ್ಕೇ ಅದು ಹೇಗೆ ತಯಾರಾಯಿತು ಎಂದು ಮೊದಲು ತಿಳಿಯಬೇಕು. ಹಿಂದಿನ ಬೀದಿಯ ಕಾರ್ಖಾನೆಯಲ್ಲಿ ಅದು ಕಣ್ಣಿಗೇ ಕಾಣುತ್ತದೆ. ಚೆನ್ನಾಗಿ ಒಣಗಿದ ಆಲೆ ಮರದ ತುಂಡು ಲೇತಿನಲ್ಲಿ ಗಿರಗಿರನೆ ತಿರುಗುತ್ತಿದೆ. ಉಳಿ ತಾಗಿದಲ್ಲೆಲ್ಲ ಬಿಳಿ ಹೊಟ್ಟು ಚಿಮ್ಮುತ್ತದೆ. ಆಕಾರ ಬಂದ ಮೇಲೆ ಬಣ್ಣ ಕಲಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿರುಗುವ ಮರದ ತಿಕ್ಕಾಟಕ್ಕೆ ಅರಗು ಬಿಸಿಯಾಗಿ ಕರಗುತ್ತದೆ, ಬಿಳಿ ಮರ ನೋಡನೋಡುತ್ತಲೇ ಕೆಂಪಾಗುತ್ತದೆ. ಆಮೇಲೆ ಕೇದಗೆ ಜಾತಿಯ ತಾಳೆ ಎಲೆಯನ್ನು ಮಡಚಿ ಒತ್ತಿದರೆ ಆ ಬಣ್ಣಕ್ಕೆ ಕನ್ನಡಿಯ ಹೊಳಪು. ಬ್ರಷ್ಷಿನಲ್ಲಿ ಬಳಿದ ಪೇಂಟು ಇಲ್ಲಿಲ್ಲ. ಹಳದಿಗೆ ಅರಿಸಿನ, ನೀಲಿಗೆ ನೀಲಿಗಿಡ ಬಳಸುವ ಪದ್ಧತಿ ಇನ್ನೂ ಇದೆ. ಎಲ್ಲರೂ ಹಾಗೇ ಮಾಡುತ್ತಾರೆ ಎನ್ನಲಾಗದು. ಆದ್ದರಿಂದ ಬಣ್ಣ ಯಾವುದು ಎಂದು ಸಂಕೋಚವಿಲ್ಲದೆ ಕೇಳಿ.

2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಭೌಗೋಳಿಕ ಸೂಚಕ ಪಡೆದ ಚನ್ನಪಟ್ಟಣದಂಥ ಕರಕುಶಲ ಆಟಿಕೆಗಳಿಗೆ ವಿನಾಯಿತಿ ಸಿಕ್ಕಿದೆ. ಹಾಗಾಗಿ ಇಲ್ಲಿ ಗುರುತು ಹುಡುಕುವುದಕ್ಕಿಂತ ಬೆರಳಾಡಿಸಿ ನೋಡುವುದೇ ಮೇಲು. ಸಿಬಿರು ಇರಬಾರದು. ಚಕ್ರ ಎಳೆದರೆ ಕಳಚಬಾರದು. ಮೂರು ವರ್ಷದೊಳಗಿನ ಮಗುವಿಗೆ ಮೂರು ಸೆಂಟಿಮೀಟರಿನಷ್ಟು ಚಿಕ್ಕ ಮಣಿ, ಗುಂಡು ಯಾವುದೂ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಎಳೆಯುವ ದಾರ ಒಂದು ಗೇಣು ಮೀರದಿರಲಿ.

ಪುಟ್ಟಿ ಈಗ ಅಂಗಡಿಯ ನೆಲದ ಮೇಲೆ ಕೂತಿದ್ದಾಳೆ. ಬಳೆಗಳನ್ನೆಲ್ಲ ಒಂದೊಂದಾಗಿ ತೆಗೆದು ಚೆಲ್ಲಿದ್ದಾಳೆ. “ಜೋಡ್ಸು ಪುಟ್ಟೀ” ಎಂದು ಅಮ್ಮ ಅವಸರ ಮಾಡುತ್ತಾರೆ. ಅವಸರ ಬೇಡ. ಮಕ್ಕಳು ಕೀಳುವುದನ್ನು ಮೊದಲು ಕಲಿಯುತ್ತಾರೆ, ಪೋಣಿಸುವುದು ಆಮೇಲೆ, ದೊಡ್ಡದು-ಚಿಕ್ಕದರ ಕ್ರಮ ಇನ್ನೂ ಎಷ್ಟೋ ತಿಂಗಳ ನಂತರ. ಗುಂಡಿ ಒತ್ತಿದೊಡನೆ ತಾನೇ ಹಾಡಿ ತಾನೇ ಕುಣಿಯುವ ಬ್ಯಾಟರಿ ಗೊಂಬೆಯ ಮುಂದೆ ಮಗು ಬರೀ ನೋಡುತ್ತ ಕೂರುತ್ತದೆ. ಈ ಬಳೆಗಳೋ, ಮಗು ಕೈಯಾಡಿಸದೆ ಏನನ್ನೂ ಮಾಡುವುದಿಲ್ಲ. ನನ್ನ ಮತ ಇವುಗಳಿಗೇ.

ಮನೆಯಲ್ಲೂ ಆಟಕ್ಕೆ ಬರವಿಲ್ಲ. ಸ್ಟೀಲ್ ಡಬ್ಬಿಗಳಿಗೆ ಮುಚ್ಚಳ ಹುಡುಕುವುದು, ತಟ್ಟೆಗೆ ಚಮಚ ಬಡಿಯುವುದು, ಹಿತ್ತಲಲ್ಲಿ ಲೋಟದಿಂದ ಲೋಟಕ್ಕೆ ನೀರು ಸುರಿಯುವುದು. ನೀರಿನ ಹತ್ತಿರ ದೊಡ್ಡವರು ಒಂದು ಗಳಿಗೆಯೂ ಕದಲಬಾರದು. ಹುಣಸೆಬೀಜ, ಕಾಳುಗಳನ್ನು ಎತ್ತಿಡಿ, ಅವು ಮೂಗು ಸೇರಿದರೆ ಕಷ್ಟ.

ಪುಟ್ಟಿಗೆ ಬಳೆಗೋಪುರವೇ ಆಯಿತು. 2023ರಲ್ಲಿ ಹೊಸ ಹೆದ್ದಾರಿ ಊರ ಹೊರಗೆ ಹಾದುಹೋದ ಮೇಲೆ ಇಂಥ ಗಿರಾಕಿಗಳು ಈ ರಸ್ತೆಯಲ್ಲಿ ಕಡಿಮೆಯಾಗಿದ್ದಾರೆ. ಮೈಸೂರಿಗೆ ಹೋಗುವಾಗ ಚನ್ನಪಟ್ಟಣಕ್ಕೆ ಇಳಿಯಿರಿ. ಮಗುವನ್ನು ಜೊತೆಗೇ ಕರೆತನ್ನಿ, ಅದರ ಕೈಗೆ ಕೊಟ್ಟು ನೋಡಿಯೇ ಕೊಳ್ಳಿ.